ಚಂದ್ರಿಕೆಯ ಜೋಡಿಯಾಟ

ಯಾರನ್ನೇ ಮಾತಿಗೆ ಕೂರಿಸಿಕೊಂಡರೂ ಅವರು ಮೊದಲು ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ನೋಡುತ್ತಿದ್ದರು. ಕಿಟಕಿಗೆ ತಾವು ಬೆನ್ನು ಮಾಡಿ ಕೂತು, ಬಂದವರನ್ನು ಎದುರಿಗೆ, ಬೆಳಕು ನೇರ ಮುಖದ ಮೇಲೆ ಬೀಳುವ ಹಾಗೆ ಕೂರಿಸುತ್ತಿದ್ದರು. ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದು ನಾವು ಪಕ್ಕಕ್ಕೆ ಸರಿದರೆ ಅವರೂ ಚಾಪೆ ಎಳೆದುಕೊಂಡು ಸರಿಯುತ್ತಿದ್ದರು. ಮೊದಮೊದಲು ನಮಗೆ ಇದು ವಿಚಿತ್ರವಾಗಿ ಕಾಣುತ್ತಿತ್ತು. "ಹೆಣ್ಣು ನೋಡಕ್ಕೆ ಬಂದೋರಂಗೆ ನೋಡ್ತದಲ್ಲೇ ಈಯಮ್ಮ, ನಂಗೇನು ಇನ್ನೊಂದು ಮದ್ವೆ ಮಾಡಿಸ್ತದಾ?" ಎಂದು ನನ್ನ ಜೊತೆ ಕೆಲಸ ಮಾಡುತ್ತಿದ್ದ ನಾರಾಯಣಮ್ಮ ನನ್ನ ಕಿವಿಯಲ್ಲಿ ಹೇಳಿ ನಕ್ಕಿದ್ದಳು. ಅದಕ್ಕೆ ಅವರೂ ನಕ್ಕರು. ಕಿವಿಯಲ್ಲಿ ಹೇಳಿದ್ದು ಅವರಿಗೆ ಹೇಗೆ ತಿಳಿಯಿತು ಎಂದು ನಾವಿಬ್ಬರೂ ಬೆರಗಾದೆವು.

ಅವರ ಹೆಸರು ಬರೆಯುವುದಿಲ್ಲ. ನಾವು ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ನಮ್ಮೆಲ್ಲರಿಗೂ ಅವರು ಟೀಚರಮ್ಮ. ಹುಟ್ಟಿದ್ದು ಗೌರಿಬಿದನೂರಿನಲ್ಲಿ, ಮನೆ ಮಾತು ಉರ್ದು. ಕೆಲಸ ಶಿಡ್ಲಘಟ್ಟದಲ್ಲಿ, ನಮ್ಮ ಬೀದಿಯ ಕೊನೆಯ ಕನ್ನಡ ಶಾಲೆಯಲ್ಲಿ. ಅದೇ ಬೀದಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬರೇ ಇದ್ದರು. ಒಂದು ಸಲ ಚಿಂತಾಮಣಿಗೆ ಮದುವೆ ಮಾಡಿ ಕೊಟ್ಟಿದ್ದರಂತೆ, ಬೇಗ ವಾಪಸ್ಸು ಬಂದುಬಿಟ್ಟರಂತೆ. ಯಾಕೆ ಎಂದು ನಾನು ಕೇಳಿರಲಿಲ್ಲ. ಎಷ್ಟೋ ದಿನ ಕಳೆದ ಮೇಲೆ ಅವರಾಗಿಯೇ ಒಂದೇ ಒಂದು ಮಾತು ಹೇಳಿದರು: "ಆ ಮನೇಲಿ ಎಲ್ರೂ ಬೆನ್ನು ತಿರುಗಿಸ್ಕೊಂಡು ಮಾತಾಡ್ತಿದ್ರು ಕಣೇ ರತ್ನಾ."

ರತ್ನ ನಾನು. ತವರು ದಿಬ್ಬೂರಹಳ್ಳಿ. ನಾಲ್ಕನೇ ಕ್ಲಾಸಿಗೆ ಓದು ಬಿಡಿಸಿದರು, ಆಮೇಲೆ ಶಿಡ್ಲಘಟ್ಟಕ್ಕೆ ಕೊಟ್ಟರು. ರೇಷ್ಮೆ ಗೂಡನ್ನು ಬಿಸಿನೀರಿಗೆ ಹಾಕಿ ನೂಲು ತೆಗೆಯುವ ಶೆಡ್ಡಿಗೆ ನಮ್ಮೂರಲ್ಲಿ ಫಿಲೇಚರ್ ಎನ್ನುತ್ತಾರೆ. ಮದುವೆಯಾಗಿ ಬಂದ ಮೇಲೆ ನಾನೂ ಅತ್ತೆಯ ಹಿಂದೆ ಅಲ್ಲಿಗೆ ಕೆಲಸಕ್ಕೆ ಹೋದೆ. ಕಲಿತಿದ್ದ ನಾಲ್ಕಕ್ಷರ ಆ ಬಿಸಿನೀರಿನಲ್ಲೇ ಕರಗಿಹೋಗಿತ್ತು. ಬಸ್ಸಿನ ಬೋರ್ಡು ನೋಡಿದರೆ ಇದನ್ನು ಎಲ್ಲೋ ನೋಡಿದ್ದೇನೆ ಅನ್ನಿಸುತ್ತಿತ್ತೇ ಹೊರತು ಓದಲು ಬರುತ್ತಿರಲಿಲ್ಲ.

ಆಗ ಊರೂರಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ಕಾರ್ಯಕ್ರಮ ಶುರುವಾಗಿತ್ತು. ಟೀಚರಮ್ಮ ಹಗಲು ಮಕ್ಕಳಿಗೆ ಪಾಠ ಮಾಡಿ, ಸಂಜೆ ಫಿಲೇಚರ್ ಹೆಂಗಸರಿಗೆ ಕ್ಲಾಸು ಇಟ್ಟುಕೊಂಡರು. ಯಾರೂ ಹೇಳಿ ಮಾಡಿಸಿದ್ದಲ್ಲ, ಅವರೇ ಮುಂದೆ ಬಂದು ಕೇಳಿಕೊಂಡಿದ್ದು. ಜಾಗ, ನಮ್ಮ ಫಿಲೇಚರಿನ ಪಕ್ಕದ ಖಾಲಿ ಗೋದಾಮು. ಹೋದ ಮೊದಲ ದಿನವೇ ನಾನು ಕಂಡದ್ದು ಪುಸ್ತಕವಲ್ಲ, ಸ್ಲೇಟೂ ಅಲ್ಲ. ನೆಲದ ಮೇಲೆ ಸಾಲಾಗಿ ಬೋರಲು ಹಾಕಿದ ರಟ್ಟಿನ ಚೀಟಿಗಳು.

"ಇದ್ರಲ್ಲಿ ಒಂದೊಂದು ಚಿತ್ರಾನೂ ಎರಡೆರಡು ಇದೆ. ಒಬ್ಬೊಬ್ರೂ ಎರಡು ಚೀಟಿ ಮಗುಚಿ ನೋಡ್ಬೇಕು. ಜೋಡಿ ಆದ್ರೆ ನಿಮ್ದು. ಆಗ್ದಿದ್ರೆ ಎಲ್ಲಿತ್ತೋ ಅಲ್ಲೇ ಇಟ್ಟು, ಎಲ್ಲಿತ್ತು ಅಂತ ನೆನಪಿಟ್ಕೋಬೇಕು," ಎಂದರು.

ಮೊದಲ ಸರದಿ ನಾರಾಯಣಮ್ಮನದು. ನಮಗೆಲ್ಲ ಹಿರಿಯಳು, ತೆಲುಗಿನವಳು, ಬಾಯಿ ಜೋರು. ಮೊದಲ ಚೀಟಿಯಲ್ಲಿ ರೇಷ್ಮೆ ಹುಳ ಬಂತು, ಎರಡನೆಯದರಲ್ಲಿ ಹಿಪ್ಪುನೇರಳೆ ಸೊಪ್ಪು. ಎರಡನ್ನೂ ಎತ್ತಿ ಮಡಿಲಿಗೆ ಹಾಕಿಕೊಂಡುಬಿಟ್ಟಳು.

"ಜೋಡಿ ಆಗ್ಲಿಲ್ಲಮ್ಮ, ಹುಳಕ್ಕೆ ಹುಳ ಬರ್ಬೇಕು," ಎಂದರು ಟೀಚರಮ್ಮ.

"ಹುಳಕ್ಕೆ ಹುಳ ಹಾಕಿದ್ರೆ ಹುಳ ಸಾಯ್ತದೆ ಟೀಚರಮ್ಮ, ಸೊಪ್ಪು ಹಾಕ್ಬೇಕು."

"ಅದಲ್ಲಮ್ಮ, ಒಂದೇ ಥರದ್ದು ಎರಡು ಬಂದ್ರೆ ಜೋಡಿ."

"ಒಂದೇ ಥರದ್ದು ಎರಡು ಬಂದ್ರೆ ಅದು ಎರಡು. ಜೋಡಿ ಎಂಗಾಯ್ತದೆ? ನನ್ನ ಪಕ್ಕದಾಗೆ ಇನ್ನೊಬ್ಬಳು ನಾರಾಯಣಮ್ಮನ್ನ ತಂದು ಮಲಗಿಸ್ಬಿಟ್ರೆ ನಮ್ಮೆಜಮಾನ್ರಿಗೆ ಕೆಲಸ ಇಲ್ವಲ್ಲಮ್ಮ!"

ಗೋದಾಮು ಬಿದ್ದು ಬಿದ್ದು ನಕ್ಕಿತು. ಟೀಚರಮ್ಮನೂ ನಕ್ಕರು. ಆದರೆ ಎಲ್ಲರಿಗಿಂತ ಒಂದು ಉಸಿರು ತಡವಾಗಿ ನಕ್ಕರು. ಅದು ಅವತ್ತೇ ನನ್ನ ಕಣ್ಣಿಗೆ ಬಿತ್ತು. ಆಮೇಲೂ ನೋಡಿದೆ, ಯಾವಾಗಲೂ ಹಾಗೆಯೇ. ನಗುವವರ ಮುಖಗಳ ಮೇಲೆ ಒಮ್ಮೆ ಕಣ್ಣಾಡಿಸಿ ಆಮೇಲೆ ತಾವು ನಗುತ್ತಿದ್ದರು.

ಮಾರನೆಯ ವಾರ ಅವರು ಎಲ್ಲ ಚೀಟಿಗಳನ್ನೂ ಬದಲಾಯಿಸಿಕೊಂಡು ಬಂದರು. ಹುಳಕ್ಕೆ ಸೊಪ್ಪು, ಬೀಗಕ್ಕೆ ಬೀಗದ ಕೈ, ಒಲೆಗೆ ಸೌದೆ, ಸೂಜಿಗೆ ದಾರ. ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ಅದರ ಹೆಸರು. ಜೋಡಿ ಎತ್ತಿದವರು ಎರಡನ್ನೂ ಎದೆಯ ಹತ್ತಿರ ಹಿಡಿದು, ಮುಖ ಎತ್ತಿ, ಹೆಸರು ಓದಿ, ಇದಕ್ಕೆ ಇದೇ ಯಾಕೆ ಎಂದು ಹೇಳಬೇಕು. "ಬಾಯಿ ತುಂಬಾ ಹೇಳ್ಬೇಕು. ತುಟಿಯೊಳಗೇ ಹೇಳ್ಕೊಂಡ್ರೆ ಲೆಕ್ಕಕ್ಕಿಲ್ಲ." ಕೆಲವು ದಿನ ಕಳೆದ ಮೇಲೆ ಒಂದರ ಚಿತ್ರ ತೆಗೆದು ಬರೀ ಹೆಸರು ಬಿಟ್ಟರು. ಆಮೇಲೆ ಎರಡರಲ್ಲೂ ಚಿತ್ರ ಹೋಯಿತು. ನಮಗೆ ಗೊತ್ತೇ ಆಗದ ಹಾಗೆ ನಾವು ಓದುತ್ತಿದ್ದೆವು.

ಆಟ ಒಂದೇ ಸಲಕ್ಕೆ ಆಗಿಬರಲಿಲ್ಲ. ಮದುವೆ ಪತ್ರಿಕೆಗಳ ರಟ್ಟಿನಲ್ಲಿ ಚೀಟಿ ಮಾಡಿದ್ದರು, ಹಿಂಭಾಗದಲ್ಲಿ ಹಳೆಯ ಅಚ್ಚು ಹಾಗೇ ಉಳಿದಿತ್ತು. ನಾರಾಯಣಮ್ಮ ಗೆಲ್ಲುತ್ತಲೇ ಹೋದಳು. ಗುಟ್ಟು ಏನೆಂದು ನೋಡಿದರೆ, "ಸೂಜಿ ಚೀಟಿ ಹಿಂದ್ಗಡೆ ಗಣಪತಿ ಕಿವಿ ಐತೆ, ದಾರದ ಹಿಂದೆ ಅರಿಶಿನದ ಕರೆ" ಎಂದಳು. ಅವರು ಕೋಪಿಸಿಕೊಳ್ಳಲಿಲ್ಲ. ಎಲ್ಲವನ್ನೂ ಮನೆಗೆ ಒಯ್ದು, ಪುಸ್ತಕಕ್ಕೆ ಹಾಕುವ ಖಾಕಿ ಕಾಗದವನ್ನು ಹಿಂದೆ ಅಂಟಿಸಿ ತಂದರು. ಬೆನ್ನು ನೋಡಿದರೆ ಯಾವುದು ಯಾವುದೆಂದು ತಿಳಿಯಬಾರದು, ಅದು ಈ ಆಟದ ಮೊದಲ ನಿಯಮ ಎಂದರು.

ಇನ್ನೊಂದು ತೊಂದರೆ ನಮ್ಮ ಕೈಯದು. ದಿನವಿಡೀ ಬಿಸಿನೀರಿನಲ್ಲಿ ಆಡಿದ ಬೆರಳು ಸಂಜೆಗೆ ಬೆಳ್ಳಗೆ ಉಬ್ಬಿ, ಸುಕ್ಕಾಗಿ, ಜೋಮು ಹಿಡಿದಿರುತ್ತದೆ. ನೆಲಕ್ಕೆ ಅಂಟಿದ ಚೀಟಿಯ ಅಂಚು ಆ ಬೆರಳಿಗೆ ಸಿಕ್ಕುವುದಿಲ್ಲ. ನಾವು ಕೆರೆದು ಕೆರೆದು ಎತ್ತುತ್ತಿದ್ದೆವು, ನಾಚಿಕೆಯಾಗಿ ಕೆಲವರು ಸರದಿ ಬಿಟ್ಟುಕೊಡುತ್ತಿದ್ದರು. ಅವರು ಅದನ್ನು ಸುಮ್ಮನೆ ನೋಡುತ್ತಿದ್ದರು. ಒಂದು ದಿನ ಗೋದಾಮಿನ ಗೋಡೆಗೆ ಒರಗಿಸಿದ್ದ ಹಳೆಯ ಚಂದ್ರಿಕೆಯನ್ನು ಎಳೆದು ತಂದು ಮಧ್ಯಕ್ಕೆ ಹಾಕಿದರು. ಹಣ್ಣಾದ ಹುಳಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ ಅದು. ಮೇಲೆ ಬಿದಿರಿನ ಪಟ್ಟಿ ಸುರುಳಿ ಸುರುಳಿಯಾಗಿ ಸುತ್ತಿಕೊಂಡು ನಡುವಿನ ತನಕ ಹೋಗಿರುತ್ತದೆ. ಆ ಸುರುಳಿಯ ಸಂದಿಗಳಲ್ಲಿ ಚೀಟಿಗಳನ್ನು ನಿಲ್ಲಿಸಿ ಸಿಕ್ಕಿಸಿದರು. ಬೆನ್ನು ಮಾತ್ರ ಕಾಣುತ್ತಿತ್ತು. ಎಂಥ ಬೆರಳಾದರೂ ಎರಡು ಕಡೆಯಿಂದ ಹಿಡಿದು ಎಳೆಯಬಹುದು.

"ಹುಳ ಕೂತ ಜಾಗದಾಗೆ ಅಕ್ಷರ ಕೂರಿಸ್ಬಿಟ್ರಲ್ಲಮ್ಮಾ!" ಎಂದಳು ನಾರಾಯಣಮ್ಮ.

ನಮ್ಮ ಬೀದಿಯಲ್ಲಿ ಸುದ್ದಿ ಬೇರೆ ಥರ ಹರಡಿತು. ನಮ್ಮತ್ತೆ ನಲ್ಲಿಯ ಹತ್ತಿರ ಕೇಳಿಸಿಕೊಂಡು ಬಂದು ಬಾಗಿಲಲ್ಲೇ ನಿಂತರು. "ಓದಕ್ಕೆ ಅಂತ ಹೇಳಿ ಹೋಗಿ ಎಲ್ಲಾ ಸೇರಿ ಇಸ್ಪೀಟಾಡ್ತೀರಂತಲ್ಲೇ? ದುಡ್ಡು ಕಟ್ತೀರಾ, ಇಲ್ಲಾ ಬಳೆ ಕಟ್ತೀರಾ?" ನಾನು ಅವರನ್ನೇ ಕರೆದುಕೊಂಡು ಹೋದೆ. ಅವತ್ತು ನಮ್ಮತ್ತೆ ಬೀಗ ಎಳೆದರು, ಬೀಗದ ಕೈ ಎಲ್ಲಿದೆ ಎಂದು ನೆನಪಾಗದೆ ಸರದಿ ಕಳೆದುಕೊಂಡರು, ಮನೆಗೆ ಬರುವ ದಾರಿಯುದ್ದಕ್ಕೂ ಬೈದುಕೊಂಡರು. ಮಾರನೆಯ ದಿನ ನನಗಿಂತ ಮುಂಚೆ ಸೆರಗು ಹೊದ್ದು ನಿಂತಿದ್ದರು.

ಸರದಿ ತಪ್ಪಿದವರಿಗೆ ಟೀಚರಮ್ಮ ಹೇಳುತ್ತಿದ್ದ ಮಾತು ಒಂದೇ. "ಮರೆತೋಗೋದು ತಪ್ಪಲ್ಲ ಕಣಮ್ಮ. ಇನ್ನೊಂದ್ಸಲ ಎಳೆದು ನೋಡು."

ಅವರಿಗೆ ಕಿವಿ ಕೇಳುವುದಿಲ್ಲ ಎಂದು ನನಗೆ ಗೊತ್ತಾದದ್ದು ಒಂದು ಗದ್ದಲದ ಸಂಜೆ. ಅವತ್ತು ಫಿಲೇಚರಿನಲ್ಲಿ ಕೆಲಸ ಮುಗಿದಿರಲಿಲ್ಲ. ನಾವು ಕ್ಲಾಸಿಗೆ ಕೂತ ಮೇಲೂ ಪಕ್ಕದಲ್ಲಿ ಮೋಟರು ಓಡುತ್ತಲೇ ಇತ್ತು. ರಾಟೆಗಳ ಸದ್ದಿಗೆ ಗೋದಾಮಿನ ತಗಡು ಗಡಗಡ ಎನ್ನುತ್ತಿತ್ತು. ಹೊರಗಿನವರಾದರೆ ಕಿರುಚಿ ಕಿರುಚಿ ಗಂಟಲು ಹರಿದುಕೊಳ್ಳುತ್ತಿದ್ದರು. ಫಿಲೇಚರಿನವರು ಕಿರುಚುವುದಿಲ್ಲ. ದಿನವಿಡೀ ಆ ಸದ್ದಿನಲ್ಲೇ ಇರುವ ನಮಗೆ ಬೇರೆ ಮಾತು ಅಭ್ಯಾಸವಾಗಿರುತ್ತದೆ. ದನಿ ಹೊರಡಿಸುವುದಿಲ್ಲ, ತುಟಿಯನ್ನು ಅಗಲಕ್ಕೆ ಬಿಡಿಸಿ ಬಿಡಿಸಿ ಆಡಿಸುತ್ತೇವೆ, ಕೈ ಸನ್ನೆ ಸೇರಿಸುತ್ತೇವೆ. ಆ ತುದಿಯ ಒಲೆಯವಳು ಈ ತುದಿಯವಳಿಗೆ ಮನೆಯ ಜಗಳವನ್ನೆಲ್ಲ ಹಾಗೆಯೇ ಹೇಳಿ ಮುಗಿಸುತ್ತಾಳೆ, ಮಾಲೀಕ ನಡುವೆ ಓಡಾಡುತ್ತಿದ್ದರೂ ಅವನಿಗೆ ಒಂದಕ್ಷರ ತಿಳಿಯುವುದಿಲ್ಲ.

ಆ ಸಂಜೆಯೂ ನಾವು ಯೋಚನೆಯಿಲ್ಲದೆ ಹಾಗೆಯೇ ಮಾತಾಡತೊಡಗಿದೆವು. ನೋಡಿದರೆ ಟೀಚರಮ್ಮ ನಮ್ಮೊಂದಿಗೆ ಸಲೀಸಾಗಿ ಮಾತಾಡುತ್ತಿದ್ದಾರೆ. ಯಾವತ್ತೂ ಇಲ್ಲದಷ್ಟು ಮಾತು. ನಾರಾಯಣಮ್ಮನ ತಮಾಷೆಗೆ ಅವತ್ತು ಅವರು ಎಲ್ಲರ ಜೊತೆಗೇ ನಕ್ಕರು, ಒಂದು ಚೂರೂ ತಡವಾಗಲಿಲ್ಲ. ಅವರ ಭುಜ ಕೂಡ ಇಳಿದು ಹಗುರವಾದ ಹಾಗೆ ಕಾಣುತ್ತಿತ್ತು. ಮೋಟರು ನಿಂತಿತು. ಊರಿನ ಸದ್ದು ವಾಪಸ್ಸು ಬಂತು, ನಾವು ದನಿ ತೆಗೆದು ಮಾತಿಗೆ ಮರಳಿದೆವು. ಅವರ ಭುಜ ಮತ್ತೆ ಬಿಗಿಯಾಯಿತು.

ಎಲ್ಲರೂ ಹೋದ ಮೇಲೆ ನಾನು ಹಿಂದೆ ಉಳಿದೆ. ಅವರು ಚಂದ್ರಿಕೆಯ ಮೇಲೆ ಬಗ್ಗಿ ಚೀಟಿ ತೆಗೆಯುತ್ತಿದ್ದರು. ಬೆನ್ನ ಹಿಂದಿನಿಂದ ಕರೆದೆ. ಇನ್ನೂ ಗಟ್ಟಿಯಾಗಿ ಕರೆದೆ. ತಿರುಗಲಿಲ್ಲ. ನಾನು ಸುತ್ತಿಕೊಂಡು ಹೋಗಿ ಎದುರಿಗೆ ಕೂತು, ದನಿಯಿಲ್ಲದೆ ಬರೀ ತುಟಿಯಲ್ಲಿ ಕೇಳಿದೆ: "ಕೇಳ್ಸಲ್ವಾ?"

ಅವರು ಕೈಯಲ್ಲಿದ್ದ ಚೀಟಿಗಳನ್ನು ಕೆಳಗಿಟ್ಟರು. ಆಮೇಲೆ ಅವರೂ ದನಿಯಿಲ್ಲದೆ, ತುಟಿಯಲ್ಲೇ ಹೇಳಿದರು: "ಇಲ್ಲ."

ಚಿಕ್ಕವಯಸ್ಸಿನಲ್ಲಿ ಬಂದ ಜ್ವರ ಒಂದೊಂದೇ ಸದ್ದನ್ನು ಎತ್ತಿಕೊಂಡು ಹೋಗಿತ್ತು. ಕೆಲಸಕ್ಕೆ ಸೇರುವಾಗ ಇನ್ನೂ ಅಷ್ಟಿಷ್ಟು ಕೇಳುತ್ತಿತ್ತಂತೆ. ಬೆಂಗಳೂರಿನಿಂದ ಒಂದು ಯಂತ್ರ ತರಿಸಿ ಕಿವಿಗೆ ಹಾಕಿ ನೋಡಿದ್ದರು. "ಅದ್ರಲ್ಲಿ ಸದ್ದು ದೊಡ್ಡದಾಗ್ತದೆ, ಮಾತು ದೊಡ್ಡದಾಗಲ್ಲ," ಎಂದು ಟ್ರಂಕಿನಲ್ಲಿ ಹಾಕಿಟ್ಟಿದ್ದರು. ಹಗಲಿನ ಕ್ಲಾಸಿನ ಮಕ್ಕಳಿಗೆಲ್ಲ ಇದು ಗೊತ್ತಿತ್ತು. ಏನಾದರೂ ಹೇಳಬೇಕಾದರೆ ಹತ್ತಿರ ಬಂದು ಸೆರಗು ಎಳೆದು, ಮುಖ ಎತ್ತಿ ಹೇಳುತ್ತಿದ್ದವು. ಮಕ್ಕಳು ಯಾರಿಗೂ ಹೇಳಿರಲಿಲ್ಲ. ಹೇಳುವಂಥ ವಿಷಯ ಎಂದು ಅವಕ್ಕೆ ಅನ್ನಿಸಿಯೇ ಇರಲಿಲ್ಲವೇನೋ. ಜೋಡಿಯಾಟ ಅವರು ಕಂಡುಕೊಂಡದ್ದು ಆ ಮಕ್ಕಳಿಗಾಗಿಯೇ. ಬಾಯಿಪಾಠ ಒಪ್ಪಿಸಿದರೆ ಅವರಿಗೆ ಸರಿ ತಪ್ಪು ತಿಳಿಯುತ್ತಿರಲಿಲ್ಲ. ಚೀಟಿಯಾದರೆ ಕಣ್ಣಿಗೆ ಕಾಣುತ್ತಿತ್ತು.

"ಯಾರ ಹತ್ರಾನೂ ಹೇಳ್ಬೇಡ ಕಣೇ," ಎಂದರು. "ಗೊತ್ತಾದ್ರೆ ಕೆಲಸದಿಂದ ತೆಗೀತಾರೋ ಇಲ್ವೋ, ಅದು ಬೇರೆ. ಮಕ್ಕಳ ಮುಂದೆ ನಿಲ್ಲಕ್ಕೆ ಬಿಡಲ್ಲ. ಜನರ ಮಧ್ಯ ಕೂರಕ್ಕೆ ನಂಗಿರೋ ಜಾಗ ಅದೊಂದೇ. ಅದೂ ಹೋದ್ರೆ ಕೋಣೆ ಬಾಗಿಲು ಹಾಕ್ಕೊಂಡು ಕೂರ್ಬೇಕು ಅಷ್ಟೇ."

ನಾನು ಯಾರಿಗೂ ಹೇಳಲಿಲ್ಲ. ಆದರೆ ಫಿಲೇಚರಿನ ಹೆಂಗಸರಿಗೆ ಹೇಳಬೇಕಾದ ಅಗತ್ಯವೇ ಬೀಳಲಿಲ್ಲ. ಕೆಲವು ದಿನಗಳಲ್ಲಿ ಎಲ್ಲರೂ ಮೋಟರು ನಿಂತಿದ್ದರೂ ಅವರ ಹತ್ತಿರ ಫಿಲೇಚರ್ ಮಾತೇ ಆಡುತ್ತಿದ್ದರು. ಯಾರೂ ಯಾಕೆ ಎಂದು ಕೇಳಲಿಲ್ಲ.

ಆಗ ನಾವೆಲ್ಲ ಕೋಲಾರ ಜಿಲ್ಲೆ. ಒಂದು ದಿನ ಕೋಲಾರದಿಂದ ಸಾಹೇಬರೊಬ್ಬರು ನಮ್ಮ ಕ್ಲಾಸು ನೋಡಲು ಬಂದರು. ನಾರಾಯಣಮ್ಮ ಎದ್ದು ನಿಂತು 'ಹಿಪ್ಪುನೇರಳೆ' ಎಂದು ತಡವರಿಸದೆ ಓದಿದಳು. ಸಾಹೇಬರು ಖುಷಿಯಾಗಿ ಚಂದ್ರಿಕೆಯ ಸುತ್ತ ಎರಡು ಸುತ್ತು ಬಂದರು. ಇಂಥ ಆಟವನ್ನು ಎಲ್ಲ ತಾಲ್ಲೂಕಿನ ಟೀಚರುಗಳಿಗೂ ತೋರಿಸಬೇಕು, ಚಿಕ್ಕಬಳ್ಳಾಪುರದಲ್ಲಿ ತರಬೇತಿ ಇದೆ, ನೀವೇ ಬಂದು ವಿವರಿಸಬೇಕು ಎಂದರು. ಟೀಚರಮ್ಮ ಅವರ ತುಟಿ ನೋಡಿಕೊಂಡು ತಲೆ ಆಡಿಸಿದರು. ಸಾಹೇಬರು ಹೋದ ಮೇಲೆ ಗೋಡೆಗೆ ಒರಗಿ ಕೂತುಬಿಟ್ಟರು.

"ಹಾಲ್ ತುಂಬಾ ಜನ ಇರ್ತಾರೆ. ಮೂಲೆಮೂಲೆಯಿಂದ ಪ್ರಶ್ನೆ ಕೇಳ್ತಾರೆ. ಯಾರ ಬಾಯಿ ಅಂತ ನೋಡ್ಲಿ?"

"ನನ್ ಬಾಯಿ ನೋಡಿ," ಎಂದೆ. "ಮುಂದ್ಗಡೆ ಕೂತಿರ್ತೀನಿ. ಅವ್ರು ಕೇಳಿದ್ದನ್ನ ಫಿಲೇಚರ್ ಮಾತಲ್ಲಿ ಹೇಳ್ತೀನಿ. ಚಂದ್ರಿಕೆ ಹೊತ್ಕೊಂಡು ಬರಕ್ಕೆ ಒಬ್ಳು ಬೇಕು ಅಂತ ಹೇಳಿ ಕರ್ಕೊಂಡು ಹೋಗಿ."

ಚಂದ್ರಿಕೆಯನ್ನು ಬಸ್ಸಿನ ಟಾಪಿಗೆ ಕಟ್ಟಿಸಿ ಇಬ್ಬರೂ ಹೋದೆವು. ಚಿಕ್ಕಬಳ್ಳಾಪುರ ಹತ್ತಿರವಾಗುತ್ತಿದ್ದ ಹಾಗೆ ಸ್ಕಂದಗಿರಿ ಬೆಟ್ಟದ ತಲೆಗೆ ಮೋಡ ಕಟ್ಟಿತ್ತು. ಅವರು ಅದನ್ನೇ ನೋಡಿ, "ಇವತ್ತು ಬೆಳಕು ಕಮ್ಮಿ ಕಣೇ" ಎಂದರು. ನನಗೆ ಆಗ ಅದರ ಅರ್ಥ ಪೂರ್ತಿ ಆಗಲಿಲ್ಲ.

ಹಾಲ್‌ನಲ್ಲಿ ಮೊದಲ ಅರ್ಧ ನಾವು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ ನಡೆಯಿತು. ನಾನು ಮೊದಲ ಸಾಲಿನ ತುದಿಯಲ್ಲಿ, ಕಿಟಕಿಯ ಪಕ್ಕದಲ್ಲಿ ಕೂತಿದ್ದೆ. ಹಿಂದಿನಿಂದ ಯಾರೋ ಕೇಳಿದರೆ ನನ್ನ ತುಟಿ ಆಡುತ್ತಿತ್ತು, ಅವರ ಕಣ್ಣು ಒಮ್ಮೆ ನನ್ನ ಮೇಲೆ ಹಾದು ಕೇಳಿದವರ ಕಡೆಗೆ ಹೋಗುತ್ತಿತ್ತು. ಉತ್ತರ ಥಟ್ಟನೆ ಬರುತ್ತಿತ್ತು. ಖಾಕಿ ಕಾಗದ ಯಾಕೆ, ಜೋಡಿ ಎಂದರೆ ಒಂದೇ ಥರದ್ದು ಯಾಕಲ್ಲ, ಎಷ್ಟು ಜನ ಕೂತರೆ ಆಟಕ್ಕೆ ಸರಿ, ಎಲ್ಲ ಹೇಳಿದರು. "ಸರದಿ ಒಬ್ಬರಿಂದ ಒಬ್ಬರಿಗೆ ಹೋಗ್ತಾ ಇರ್ಬೇಕು. ಇಲ್ದಿದ್ರೆ ಅದು ಆಟ ಅಲ್ಲ, ಪರೀಕ್ಷೆ," ಎಂದಾಗ ಕೆಲವರು ಚಪ್ಪಾಳೆ ತಟ್ಟಿದರು.

ಆಮೇಲೆ ಸಾಹೇಬರು ಯಾವುದೋ ಕ್ಲಾಸಿನ ಚಿತ್ರ ತೋರಿಸಬೇಕೆಂದು ಗೋಡೆಗೆ ಬಿಳಿ ಬಟ್ಟೆ ಕಟ್ಟಿಸಿದರು. ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿಸಿದರು. ಹಾಲ್ ಕತ್ತಲಾಯಿತು. ಟೀಚರಮ್ಮ ವೇದಿಕೆಯ ಮೇಲೇ ನಿಂತಿದ್ದರು. ಕತ್ತಲಲ್ಲಿ ಸಾಹೇಬರ ದನಿ ಕೇಳಿತು. "ಮೇಡಮ್ಮನವರೇ, ನಿಮ್ಮ ಕ್ಲಾಸಿಗೆ ಎಷ್ಟು ಜನ ಬರ್ತಾರೆ, ಹೇಳಿ."

ಸಾಹೇಬರು ಇನ್ನೊಮ್ಮೆ ಕೇಳಿದರು, ಜೋರಾಗಿ. ಯಾವುದೋ ಪ್ರಶ್ನೆ ಬಂದಿರಬೇಕು ಎಂದು ಟೀಚರಮ್ಮನಿಗೆ ಹೇಗೋ ಗೊತ್ತಾಯಿತು. ಜನ ಅಲುಗಾಡಿದ್ದು ಕಂಡಿತೋ ಏನೋ. "ಹೌದು ಸಾರ್, ಅಂಟು ಮಾತ್ರ ಮನೇಲೇ ಮೈದಾದಲ್ಲಿ ಮಾಡ್ಕೋಬೇಕು," ಎಂದರು.

ಹಿಂದಿನ ಸಾಲಿನಲ್ಲಿ ಒಬ್ಬರು ಕಿಸಕ್ಕೆಂದರು. ಆಮೇಲೆ ಸುಮಾರು ಜನ ನಕ್ಕರು. ಕತ್ತಲಲ್ಲಿ ಅವರು ಆ ಕಡೆ ಈ ಕಡೆ ತಲೆ ತಿರುಗಿಸುತ್ತಿದ್ದುದು ನನಗೆ ನೆರಳಿನ ಹಾಗೆ ಕಾಣುತ್ತಿತ್ತು. ನಾನು ಎದ್ದು ನನ್ನ ಪಕ್ಕದ ಕಿಟಕಿಯನ್ನು ತಳ್ಳಿಬಿಟ್ಟೆ. ಬೆಳಕು ಬಂತು. ಅವರು ನನ್ನ ಮುಖ ನೋಡಿದರು. ನಾನು ತುಟಿಯಲ್ಲಿ, "ಎಷ್ಟು ಜನ ಬರ್ತಾರೆ ಅಂತ ಕೇಳಿದ್ರು, ಎಲ್ರೂ ನಗ್ತಿದಾರೆ" ಎಂದೆ.

ಅವರು ಸೆರಗು ಸರಿ ಮಾಡಿಕೊಂಡು ಸಾಹೇಬರ ಕಡೆ ತಿರುಗಿದರು. "ನಂಗೆ ಕಿವಿ ಕೇಳ್ಸಲ್ಲ ಸಾರ್. ಮುಖ ನೋಡಿ ತಿಳ್ಕೋತೀನಿ. ಕಿಟಕಿ ಎಲ್ಲಾ ತೆಗ್ಸಿ, ಏನು ಬೇಕಾದ್ರೂ ಕೇಳಿ, ಹೇಳ್ತೀನಿ."

ಕಿಟಕಿಗಳನ್ನು ತೆಗೆಸಿದರು. ಆದರೆ ಆಮೇಲೆ ಯಾರೂ ಏನೂ ಕೇಳಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಳು ತಡೆಯಲಾಗದೆ ನಾನು ಹೊರಗೆ ನೋಡುತ್ತ ಕೂತಿದ್ದೆ. ಅವರು ನನ್ನ ಗದ್ದ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು. "ಕಿಟಕಿ ತೆಗ್ದಿದ್ದು ಒಳ್ಳೇದಾಯ್ತು ಬಿಡೇ. ಕತ್ತಲಲ್ಲಿ ಯಾರು ನಗ್ತಿದಾರೆ ಅಂತಾನೇ ಗೊತ್ತಾಗ್ತಿರ್ಲಿಲ್ಲ."

ಅವರನ್ನು ಯಾರೂ ಶಿಕ್ಷಿಸಲಿಲ್ಲ. ಎಲ್ಲರೂ ಬಹಳ ಮರುಕದಿಂದಲೇ ನಡೆದುಕೊಂಡರು. ನಿಮಗೆ ಕ್ಲಾಸು ಕಷ್ಟ, ಹುಟ್ಟೂರಿನಲ್ಲೇ ಅನುಕೂಲ ಮಾಡಿಕೊಡುತ್ತೇವೆ ಎಂದು ಗೌರಿಬಿದನೂರಿನ ಒಂದು ಆಫೀಸಿಗೆ ಹಾಕಿದರು. ಅಲ್ಲಿ ಅವರಿಗೆ ಒಂದು ಹಿಂದಿನ ಕೋಣೆ, ಒಂದು ಮೇಜು, ಕತ್ತರಿ, ಬಣ್ಣ. ಊರೂರಿನ ಕ್ಲಾಸುಗಳಿಗೆ ಅಂಚೆಯಲ್ಲಿ ಕಳಿಸುವ ಜೋಡಿ ಚೀಟಿಗಳನ್ನು ಮಾಡಿಕೊಡುವುದು ಕೆಲಸ. ಆಡುವವರ ಮುಖ ಮಾತ್ರ ಇಲ್ಲ.

ಹೊರಡುವ ದಿನ ಅವರ ಟ್ರಂಕನ್ನೂ ಗೋದಾಮಿನ ಚಂದ್ರಿಕೆಯನ್ನೂ ಬಸ್ ಸ್ಟ್ಯಾಂಡಿಗೆ ನಾವೇ ಹೊತ್ತೆವು. ನಾರಾಯಣಮ್ಮ ಬಾಯಿ ಜೋರಿನವಳು, ಅವತ್ತು ದನಿ ತೆಗೆಯಲೇ ಇಲ್ಲ. ಬಸ್ಸು ಹೊರಟ ಮೇಲೂ ಕಿಟಕಿಯ ಕಡೆ ನೋಡಿಕೊಂಡು ತುಟಿ ಆಡಿಸುತ್ತ ಸ್ವಲ್ಪ ದೂರ ಪಕ್ಕದಲ್ಲೇ ನಡೆದಳು. ಅವರು ಒಳಗಿನಿಂದ ಉತ್ತರ ಕೊಡುತ್ತಿದ್ದರು. ಇಬ್ಬರ ಮಾತೂ ಬಸ್ಸಿನಲ್ಲಿದ್ದ ಯಾರಿಗೂ ತಿಳಿಯಲಿಲ್ಲ.

ಕೆಲವು ತಿಂಗಳ ಮೇಲೆ ನಮ್ಮ ಕ್ಲಾಸಿಗೂ ಒಂದು ಪೊಟ್ಟಣ ಬಂತು. ಅಚ್ಚು ಹಾಕಿಸಿದ ಚೀಟಿಗಳು. ತೆಗೆದು ನೋಡಿದರೆ ಹುಳಕ್ಕೆ ಹುಳ, ಬೀಗಕ್ಕೆ ಬೀಗ. ಮೇಲಿನವರು ತಿದ್ದಿದ್ದರು. ಒಂದೇ ಒಂದು ಜೋಡಿ ಮಾತ್ರ ಬೇರೆ ಥರ ಇತ್ತು, ಕೈಯಲ್ಲಿ ಬರೆದದ್ದು. ಒಂದರಲ್ಲಿ ಹುಳ, ಒಂದರಲ್ಲಿ ಸೊಪ್ಪು. ನಾರಾಯಣಮ್ಮ ಅವೆರಡನ್ನು ಎತ್ತಿ ಎದೆಯ ಹತ್ತಿರ ಹಿಡಿದುಕೊಂಡಳು. ಪ್ರತಿಯೊಂದು ಪೊಟ್ಟಣದಲ್ಲೂ ಅವರು ಹಾಗೆ ಒಂದು ಜೋಡಿ ಸೇರಿಸುತ್ತಿದ್ದರಂತೆ. ಉಳಿದ ಊರುಗಳಿಂದ, ಎರಡು ಚೀಟಿ ತಪ್ಪಾಗಿ ಬಂದಿವೆ ಎಂದು ವಾಪಸ್ಸು ಕಳಿಸುತ್ತಿದ್ದರಂತೆ. ಅದನ್ನು ಅವರೇ ಆಮೇಲೆ ಹೇಳಿ ನಕ್ಕರು. "ವಾಪಸ್ ಬಂದ್ರೆ ಖುಷಿನೇ ಕಣೇ. ಯಾರೋ ತೆಗೆದು ನೋಡಿದಾರೆ ಅಂತ ಗೊತ್ತಾಗ್ತದಲ್ಲ."

ನಾನು ವರ್ಷಕ್ಕೆ ಒಂದೆರಡು ಸಲ, ಬಿಡುವಾದಾಗ, ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ ಗೌರಿಬಿದನೂರಿಗೆ ಹೋಗುತ್ತಿದ್ದೆ. ಅಣ್ಣನ ಮನೆಯ ಪಕ್ಕಕ್ಕೆ ಸೇರಿದ ಒಂದು ಕೋಣೆಯಲ್ಲಿ ಇದ್ದರು. ಮೊದಲ ಸಲ ಹೋದಾಗ ಬಾಗಿಲು ತಟ್ಟಿದೆ. ತಟ್ಟಿದ ಮೇಲೆ ನನ್ನ ಬುದ್ಧಿಗೆ ನಾನೇ ಬೈದುಕೊಂಡು ಕಿಟಕಿಗೆ ಬಂದೆ.

ಒಳಗೆ ನೆಲದ ಮೇಲೆ ಚಂದ್ರಿಕೆ ಇತ್ತು. ನಮ್ಮ ಗೋದಾಮಿನದೇ. ಹೊಸ ಚೀಟಿಗಳು ಆಟಕ್ಕೆ ಸರಿಹೋಗುತ್ತವೋ ಎಂದು ಅವರು ಪರೀಕ್ಷೆ ಮಾಡುತ್ತಿದ್ದರು. ಈ ಕಡೆ ಕೂತು ಎರಡು ಚೀಟಿ ಎಳೆದರು, ನೋಡಿದರು, ಜೋಡಿಯಾಗಲಿಲ್ಲ, ಸಿಕ್ಕಿಸಿದರು. ಎದ್ದರು. ಸುತ್ತಿಕೊಂಡು ಆ ಕಡೆಗೆ ಹೋಗಿ ಕೂತರು. ಎರಡು ಚೀಟಿ ಎಳೆದರು. ಜೋಡಿಯಾಯಿತು. ಎರಡನ್ನೂ ಎದೆಯ ಹತ್ತಿರ ಹಿಡಿದು, ಮುಖ ಎತ್ತಿ, ತಾವು ಈಗ ತಾನೆ ಎದ್ದು ಬಂದ ಖಾಲಿ ಜಾಗಕ್ಕೆ ಬಾಯಿ ತುಂಬಾ ಹೆಸರು ಹೇಳಿದರು. ಜೋಡಿಯನ್ನು ಪಕ್ಕಕ್ಕಿಟ್ಟು, ಮತ್ತೆ ಎದ್ದು ಈ ಕಡೆ ಬಂದರು.

ನನಗೆ ಕರೆಯಲೂ ಆಗಲಿಲ್ಲ, ನಿಂತು ನೋಡಲೂ ಆಗಲಿಲ್ಲ. ಕಿಟಕಿಗೆ ಅಡ್ಡವಾಗಿ ನಿಂತೆ. ನನ್ನ ನೆರಳು ಚಂದ್ರಿಕೆಯ ಮೇಲೆ ಬಿತ್ತು. ಅವರು ಥಟ್ಟನೆ ತಲೆ ಎತ್ತಿದರು.

ಆಮೇಲೆ ಅದೇ ನನ್ನ ಬಾಗಿಲು ತಟ್ಟುವ ರೀತಿಯಾಯಿತು. ಹೋದಾಗಲೆಲ್ಲ ಕಿಟಕಿಗೆ ಅಡ್ಡ ನಿಂತು ನೆರಳು ಬೀಳಿಸುತ್ತಿದ್ದೆ. ತಲೆ ಎತ್ತಿ ನಗುತ್ತಿದ್ದರು, ತಡವಿಲ್ಲದ ನಗು. ನನ್ನನ್ನು ಬೆಳಕಿಗೆ ಕೂರಿಸಿಕೊಳ್ಳುತ್ತಿದ್ದರು. ಇಬ್ಬರೂ ಹೊತ್ತು ಇಳಿಯುವ ತನಕ ಆಡುತ್ತಿದ್ದೆವು. ಒಂದು ಸದ್ದೂ ಇರುತ್ತಿರಲಿಲ್ಲ. ಅವರ ಅತ್ತಿಗೆ ಚಾ ತಂದಿಟ್ಟು, ಇಬ್ಬರು ಹೆಂಗಸರು ಹೀಗೆ ದನಿಯಿಲ್ಲದೆ ಮುಖ ಮುಖ ನೋಡಿಕೊಂಡು ನಗುವುದನ್ನು ಕಂಡು ತಲೆ ಚಚ್ಚಿಕೊಂಡು ಹೋಗುತ್ತಿದ್ದರು.

ಅವರಿಂದಲೇ ಧೈರ್ಯ ಬಂದು ನಾನು ಮನೆಯಲ್ಲೇ ಓದಿ ಏಳನೇ ಕ್ಲಾಸು ಕಟ್ಟಿದೆ, ಆಮೇಲೆ ಹತ್ತನೆಯದೂ ಆಯಿತು. ಈಗ ಅಂಗನವಾಡಿಯಲ್ಲಿದ್ದೇನೆ. ಅಲ್ಲಿನ ಮಕ್ಕಳೂ ಚಂದ್ರಿಕೆಯಿಂದ ಚೀಟಿ ಎಳೆಯುತ್ತವೆ. ಹುಳಕ್ಕೆ ಸೊಪ್ಪು ಸಿಕ್ಕಿದರೆ ಎದೆಯ ಹತ್ತಿರ ಹಿಡಿದು ಮುಖ ಎತ್ತುತ್ತವೆ. ಯಾಕೆ ಹಾಗೆ ಎಂದು ಅವಕ್ಕೆ ನಾನು ಹೇಳಿಕೊಟ್ಟಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನಮ್ಮ ಬೀದಿಯಲ್ಲಿ ಇನ್ನೂ ಉಳಿದಿರುವ ಎಸ್‌ಟಿಡಿ ಬೂತಿಗೆ ಟೀಚರಮ್ಮನ ಅಣ್ಣ ಫೋನು ಮಾಡಿದ್ದರು. ಬೆಳಗಿನ ಜಾವ ಟೀಚರಮ್ಮನಿಗೆ ಎದೆನೋವು ಬಂತಂತೆ, ಹೊರಟುಹೋದರಂತೆ. ನಾರಾಯಣಮ್ಮ ಆಗಲೇ ತೀರಿಕೊಂಡಿದ್ದಳು, ಹೇಳಿಕೊಳ್ಳಲು ಯಾರೂ ಇರಲಿಲ್ಲ. ಒಬ್ಬಳೇ ಹೊರಟೆ. ದಾರಿಯಲ್ಲಿ ಮನಸ್ಸು ಒಂದನ್ನೇ ಯೋಚಿಸುತ್ತಿತ್ತು. ನೋವು ಬಂದಾಗ ಅವರು ಕರೆದಿರಬಹುದು, ಯಾರಾದರೂ ಬಂದರೋ ಇಲ್ಲವೋ ಎಂದು ಅವರಿಗೆ ಆ ಕತ್ತಲಲ್ಲಿ ಹೇಗೆ ತಿಳಿಯಿತು?

ಮನೆಯ ಮುಂದೆ ಗಂಡಸರು ನಿಂತಿದ್ದರು. ನನ್ನನ್ನು ಒಳಗೆ ಹೆಂಗಸರ ಕೋಣೆಗೆ ಕಳಿಸಿದರು. ಬಿಳಿ ಬಟ್ಟೆ ಹೊದಿಸಿ, ಮುಖ ಮಾತ್ರ ಬಿಟ್ಟಿದ್ದರು. ಸುತ್ತ ಕೂತವರು ಮೆಲ್ಲಗೆ ಕುರಾನ್ ಓದಿಕೊಳ್ಳುತ್ತಿದ್ದರು. ನಾನು ಬಾಗಿಲಲ್ಲಿ ನಿಂತೆ. ಹಿಂದಿನಿಂದ ಬಿಸಿಲು ಬರುತ್ತಿತ್ತು. ನನ್ನ ನೆರಳು ಹೋಗಿ ಅವರ ಮುಖದ ಮೇಲೆ ಬಿತ್ತು.

ಆಮೇಲೆ ಒಳಗೆ ಹೋಗಿ, ಅವರ ಪಕ್ಕದಲ್ಲಿ, ಬಾಗಿಲ ಪಕ್ಕದ ಕಿಟಕಿಗೆ ಎದುರಾಗಿ ಕೂತೆ. ಬೇಸಿಗೆಯ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ದನಿ ತೆಗೆಯದೆ, ತುಟಿ ಬಿಡಿಸಿ ಬಿಡಿಸಿ, ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಅವರ ಅತ್ತಿಗೆ ನನ್ನ ಭುಜ ಮುಟ್ಟಿ, "ಅಲ್ಲಿ ಬಹುತ್ ಬಿಸಿಲು ಅಮ್ಮ, ಈ ಕಡೆ ನೆರಳಿಗೆ ಬಾ," ಎಂದರು.

"ಇರಲಿ ಬಿಡಿ ಅಕ್ಕ, ಇಲ್ಲೇ ಇರ್ತೀನಿ," ಎಂದೆ.